ನೀವು ಬರಲಿಲ್ಲವೆಂದು ಯಾರಿಗೆ ಗೊತ್ತಾಗುತ್ತದೆ?

ಡಿಸೆಂಬರ್‌ನಲ್ಲಿ ಚೆನ್ನೈ ಜನ ಮಂಕಿ ಕ್ಯಾಪ್ ಹಾಕಿ ವಾಕಿಂಗ್ ಹೋಗುವುದನ್ನು ನೋಡಿ ನಗುತ್ತಿದ್ದವನು ನಾನು. ಅಂಥ ಊರಲ್ಲಿದ್ದುಕೊಂಡು, ಪರಂಗಿಮಲೈ ಮೆಟ್ಟಿಲು ಹತ್ತಿಳಿದು ತಾಲೀಮು ಮಾಡಿ, ಕಳೆದ ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಒಬ್ಬನೇ ಹೊರಟೆ. ದಾವಣಗೆರೆಯಿಂದ ಅಮ್ಮ ‘ಯಾರ ಜೊತೆ ಹೋಗ್ತಿದೀಯೋ?’ ಎಂದಾಗ ‘ಆಫೀಸಿನವರು ಇದಾರಮ್ಮ’ ಎಂದೆ. ಸುಳ್ಳು.

ಕೇದಾರಕಂಠ ಸುಮಾರು 12,500 ಅಡಿ. ಹೊಸಬರಿಗೂ ಸುಲಭ ಎಂದೇ ಹೆಸರು. ಸೀಸನ್ನಿನಲ್ಲಿ ಜಾತ್ರೆಯಷ್ಟು ಜನ. ಆದರೆ ಸಮುದ್ರದ ಮಟ್ಟದಲ್ಲಿ ಬದುಕುವವನು ವಿಮಾನದಲ್ಲಿ ಡೆಹ್ರಾಡೂನ್‌ಗೆ ಇಳಿದು, ಜೀಪಿನಲ್ಲಿ ಸಾಂಕ್ರಿ ಸೇರಿ, ಮೂರು ದಿನದೊಳಗೆ 11 ಸಾವಿರ ಅಡಿಯಲ್ಲಿ ಮಲಗಿದರೆ ದೇಹ ಹೇಗೆ ಒಗ್ಗೀತು? ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಮರೀನಾ ಬೀಚಿನಲ್ಲಿ ಸಿಗುವುದಕ್ಕಿಂತ ಮೂರನೇ ಒಂದು ಭಾಗ ಕಡಿಮೆ.

ಗುರುವಾರ ನಸುಕಿನಲ್ಲಿ ಶಿಖರದತ್ತ ಹೊರಟೆ. ತಲೆನೋವಿತ್ತು, ನಿದ್ದೆಗೆಟ್ಟಿದ್ದಕ್ಕೆ ಎಂದುಕೊಂಡೆ. ದಾರಿಯಲ್ಲಿದ್ದ ಚಹಾ ಗುಡಾರದವನು ‘ಅಕೇಲೇ ಹೋ?’ ಎಂದ. ಉತ್ತರ ಕೊಡಲು ನಾಲಿಗೆಯೇ ಹೊರಳಲಿಲ್ಲ. ಒಂದು ಕೈಯ ಗ್ಲೌಸ್ ಎಲ್ಲೋ ಬಿದ್ದಿತ್ತು, ನನಗದು ಗೊತ್ತೇ ಇರಲಿಲ್ಲ. ಹಿಮ್ಮಡಿಗೆ ಬೆರಳು ತಾಗಿಸಿ ನೇರವಾಗಿ ನಡೆದು ತೋರಿಸು ಎಂದ. ಎರಡೇ ಹೆಜ್ಜೆಗೆ ವಾಲಿದೆ. ಕೆಳಗಿಳಿಯುತ್ತಿದ್ದ ತಂಡವೊಂದರ ಜೊತೆ ನನ್ನನ್ನು ಕಳಿಸಿಯೇಬಿಟ್ಟ. ನನಗೋ ಅವನ ಮೇಲೆ ಸಿಟ್ಟು! ನಾನು ಸರಿಯಾಗೇ ಇದ್ದೇನೆ ಎಂಬ ಭ್ರಮೆ.

ಹಿಮದ ಬೆಟ್ಟಕ್ಕೆ ಒಬ್ಬರೇ ಹೋಗಬಾರದು ಎನ್ನಲು ನನ್ನ ಬಳಿಯಿರುವ ಕಾರಣ ಇದೇ. ವಿಪರೀತ ಚಳಿಯಾಗಲಿ, ಎತ್ತರದ ಕಾಯಿಲೆಯಾಗಲಿ, ಯಾವ ಬುದ್ಧಿಯಿಂದ ಅಪಾಯ ಗುರುತಿಸಬೇಕೋ ಅದನ್ನೇ ಮಂಕಾಗಿಸುತ್ತವೆ. ಇನ್ನೊಬ್ಬರ ಕಣ್ಣು ಬೇಕು.

ತಂಡವಿದ್ದರೆ ಸಾಕು ಎಂದೂ ಹೇಳುತ್ತಿಲ್ಲ. 2024ರ ಜೂನ್‌ನಲ್ಲಿ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿದ್ದು 22 ಮಂದಿಯ ತಂಡ, ಹೆಚ್ಚಿನವರು ಕರ್ನಾಟಕದವರೇ. 9 ಮಂದಿ ಮರಳಲಿಲ್ಲ. ಸುದ್ದಿ ಕೆಳಗೆ ಮುಟ್ಟಿ, ಹೆಲಿಕಾಪ್ಟರ್ ಬಂದು ಉಳಿದವರನ್ನು ಕರೆತಂದರು.

ನನ್ನ ಸುದ್ದಿ ಯಾರಿಗೆ ಮುಟ್ಟುತ್ತಿತ್ತು? ಊರು ಬಿಟ್ಟು ಬಂದು ಒಂಟಿಯಾಗಿರುವ ನಮಗೆ ಹೋಗುವುದು, ಬರುವುದು ಯಾರಿಗೂ ಹೇಳದೇ ಅಭ್ಯಾಸ. ‘ಅಲ್ಲಿ ಸಿಗ್ನಲ್ ಇರಲ್ಲ’ ಎಂದು ಅಮ್ಮನಿಗೆ ಮೊದಲೇ ಹೇಳಿದ್ದೆ. ಗುರುವಾರ ಬಿದ್ದಿದ್ದರೆ ಆಕೆ ಭಾನುವಾರದವರೆಗೂ ನಿಶ್ಚಿಂತೆಯಿಂದ ಇರುತ್ತಿದ್ದಳು. ಆಮೇಲೆ, ಇಲ್ಲದ ಆ ‘ಆಫೀಸಿನವರ’ ನಂಬರ್ ಹುಡುಕುತ್ತಿದ್ದಳು.

ಬರುವ ತಿಂಗಳು ಮತ್ತೆ ಹೋಗುತ್ತಿದ್ದೇನೆ, ಗೈಡ್ ಜೊತೆ, ಎರಡು ದಿನ ಹೆಚ್ಚು ರಜೆ ಹಾಕಿ. ದಾರಿ, ತಂಗುವ ಜಾಗ, ಗೈಡ್ ನಂಬರ್, ಮರಳುವ ದಿನ ಬರೆದ ಚೀಟಿ ಅಮ್ಮನಿಗೊಂದು, ನಂಗನಲ್ಲೂರಿನ ನಮ್ಮ ಮನೆ ಓನರ್ ಮಾಮಿಗೊಂದು. ಮಾಮಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಹೋದ ವರ್ಷ ಯಾಕೆ ಕೊಡಲಿಲ್ಲ ಎಂದು ಬೈದು, ಫ್ರಿಜ್ಜಿಗೆ ಅಂಟಿಸಿದರು.