ಸರ್ಕಾರಿ ಇಮೇಲನ್ನು ಒಂದೇ ರಾತ್ರಿ ಬದಲಿಸಬೇಡಿ
ರಾಜ್ಯದ ಇ-ಆಡಳಿತ ಇಲಾಖೆಯ ಕಾರ್ಯದರ್ಶಿಗಳಿಗೆ ಸವಡಿಯಿಂದ ಬಹಿರಂಗ ಪತ್ರ

ಮಾನ್ಯರೇ,

ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ಸರ್ಕಾರದ್ದೇ ಆದ ಎನ್‌ಐಸಿಯ ಹಳೆಯ ವ್ಯವಸ್ಥೆಯಿಂದ ಖಾಸಗಿ ಕಂಪನಿ ಝೋಹೊಗೆ ಹೋದದ್ದು 2025ರಲ್ಲಿ ಸುದ್ದಿಯಾಯಿತು. ವಿಳಾಸಗಳು ಹಳೆಯವೇ ಉಳಿದವು. ನಮ್ಮ ರಾಜ್ಯದ ಕಚೇರಿಗಳಿಗೂ ಇಂಥ ಸರದಿ ಬಂದರೆ, ರೋಣ ತಾಲ್ಲೂಕಿನ ಸವಡಿಯಂಥ ಊರುಗಳನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಲು ಈ ಪತ್ರ.

ಮಾಹಿತಿ ಹಕ್ಕಿನ ಅರ್ಜಿಗೆ 30 ದಿನಗಳಲ್ಲಿ ಉತ್ತರ ಕೊಡಬೇಕೆನ್ನುತ್ತದೆ 2005ರ ಕಾಯ್ದೆ. ಸರ್ವರ್ ಬದಲಾಗುವಾಗ ಆ ಅರ್ಜಿಯ ಬಗ್ಗೆ ಮೇಲಿನ ಕಚೇರಿ ಕಳಿಸಿದ ಇಮೇಲ್ ಯಾರೂ ತೆರೆಯದ ಹಳೆಯ ಖಾತೆಗೆ ಬಿದ್ದರೆ ದಿನಗಳು ಕಾಯುವುದಿಲ್ಲ. ಅದು ಎಲ್ಲಿ ಸಿಕ್ಕಿಕೊಂಡಿದೆಯೆಂದು ಅರ್ಜಿ ಹಾಕಿದ ರೈತನಿಗೆ ತಿಳಿಯುವ ದಾರಿಯೂ ಇಲ್ಲ.

ಅದಕ್ಕೇ ಖಾತೆಗಳನ್ನು ತಂಡ ತಂಡವಾಗಿ ಸಾಗಿಸಿ. ಒಂದೇ ಡೊಮೈನ್‌ನ ಕೆಲವರು ಹಳೆಯ ಸರ್ವರ್‌ನಲ್ಲಿ, ಕೆಲವರು ಹೊಸದರಲ್ಲಿ ಇರಲು ಸಾಧ್ಯವಿದೆ. ಯಾರ ಖಾತೆ ಎಲ್ಲಿದೆಯೆಂಬ ಪಟ್ಟಿ ಸರಿಯಿದ್ದರೆ ಒಂದು ಸರ್ವರ್ ಇನ್ನೊಂದಕ್ಕೆ ಪತ್ರ ದಾಟಿಸುತ್ತದೆ. ಹಳೆಯ ಪತ್ರಗಳನ್ನು ಐಮ್ಯಾಪ್ ವಿಧಾನದ ಮೂಲಕ ವಾರಗಳ ಮೊದಲೇ ನಕಲು ಮಾಡುತ್ತ ಬಂದರೆ ಕೊನೆಯ ದಿನಕ್ಕೆ ಉಳಿಯುವುದು ಸ್ವಲ್ಪವೇ. ಪತ್ರ ಯಾವ ಸರ್ವರ್‌ಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆಯನ್ನು ಹೊಸ ಸರ್ವರ್‌ನತ್ತ ತಿರುಗಿಸುವ ಮೊದಲು ಅದರ ಟಿಟಿಎಲ್ ಅವಧಿಯನ್ನು ಕೆಲವೇ ನಿಮಿಷಕ್ಕೆ ಇಳಿಸಬೇಕು. ಇಲ್ಲದಿದ್ದರೆ ಹೊರಗಿನ ಸರ್ವರ್‌ಗಳು ಆ ಅವಧಿ ಮುಗಿಯುವ ತನಕ ಹಳೆಯ ದಾರಿಗೇ ಪತ್ರ ಕಳಿಸುತ್ತವೆ. ಇವೆಲ್ಲ ನಿಮ್ಮ ತಂತ್ರಜ್ಞರಿಗೆ ಗೊತ್ತು.

ನನ್ನ ಚಿಂತೆ ಬೆಂಗಳೂರಿನಿಂದ ಕಾಣದ ಸಂಗತಿಗಳದ್ದು. ಪಾಪ್ ವಿಧಾನದಲ್ಲಿ ಇಮೇಲ್ ಇಳಿಸಿಕೊಳ್ಳುವ ಕಚೇರಿಯ ಹಳೆಯ ಪತ್ರಗಳು ಬಹುಮಟ್ಟಿಗೆ ಸರ್ವರ್‌ನಲ್ಲಿ ಇರುವುದೇ ಇಲ್ಲ. ಮೇಜಿನ ಮೇಲಿನ ಒಂದೇ ಕಂಪ್ಯೂಟರ್‌ನಲ್ಲಿರುತ್ತವೆ. ಎಷ್ಟು ಚೆನ್ನಾಗಿ ಸರ್ವರ್ ಬದಲಿಸಿದರೂ ಅವು ಹೊಸ ಜಾಗಕ್ಕೆ ಬರುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೂ ಕಾಗದದಷ್ಟೇ ಬೆಲೆ ಕೊಟ್ಟಿರುವಾಗ, ಯಾರಾದರೂ ಬಂದು ಆ ಕಂಪ್ಯೂಟರ್ ತೆರೆದು ನೋಡಲೇಬೇಕು. ಹಳೆಯ ಪಾಸ್‌ವರ್ಡ್‌ಗಳೂ ಸಾಮಾನ್ಯವಾಗಿ ಹೊಸ ಸರ್ವರ್‌ಗೆ ಬರುವುದಿಲ್ಲ. ಹೊಸದಕ್ಕೆ ಒಟಿಪಿ ಬೇಕು. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ವರ್ಗವಾಗಿ ಹೋದ ಪಿಡಿಒ ಅವರದ್ದಾಗಿದ್ದರೆ ಈಗಿನವರು ಏನು ಮಾಡಬೇಕು? ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್‌ಗಳನ್ನೂ ಮೊದಲೇ ಸಾಗಿಸಿ ಪರೀಕ್ಷಿಸಿ. ಇಂಗ್ಲಿಷ್ ಹೆಸರುಗಳಲ್ಲಷ್ಟೇ ಪರೀಕ್ಷೆ ಮಾಡಿದರೆ ಕನ್ನಡ ಹೆಸರುಗಳು ಕೆಡುವ ತೊಡಕು ಹೊರಬೀಳುವುದಿಲ್ಲ.

ಮೊದಲ ತಂಡಕ್ಕೆ ರಾಜಧಾನಿಯ ಕಚೇರಿಗಳನ್ನಷ್ಟೇ ಆರಿಸಬೇಡಿ. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಕೆಲವು ಗ್ರಾಮ ಪಂಚಾಯಿತಿಗಳನ್ನೂ ಸೇರಿಸಿ. ನಮ್ಮ ಕರೆಂಟು, ನಮ್ಮ ನೆಟ್‌ವರ್ಕಿನಲ್ಲಿ ಹೊಸ ಇಮೇಲ್ ಎರಡು ವಾರ ಸುಗಮವಾಗಿ ನಡೆದ ಮೇಲೆ ಮುಂದಿನ ತಂಡ ಕೈಗೆತ್ತಿಕೊಳ್ಳಿ. ವಿಳಾಸವೇ ಬದಲಾಗುವ ಕಡೆ, ಹಳೆಯದಕ್ಕೆ ಬಂದದ್ದು ಹೊಸದಕ್ಕೆ ತಾನಾಗಿ ಹೋಗುವಂತಿರಲಿ. ಒಂದು ಪೂರ್ತಿ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ, ಓದುವುದಕ್ಕಾದರೂ, ಹಳೆಯ ಸರ್ವರ್ ಚಾಲೂ ಇರಲಿ.

ಇಂತಿ,
ಸವಡಿಯ ಒಬ್ಬ ನಿವಾಸಿ