ಷರಾ ಬರೆದರೆ ಸಾಲದು, ಕ್ರಮವೂ ಬೇಕು

ಗರ್ಭಕಂಠದ ಕ್ಯಾನ್ಸರನ್ನು ಮುಂಚಿತವಾಗಿಯೇ ಪತ್ತೆ ಹಚ್ಚಬಹುದು ಎಂದು ಎಲ್ಲೆಡೆ ಸಾರಲಾಗುತ್ತಿದೆ. ಪತ್ತೆಯಾದ ಮೇಲೇನು ಎಂಬ ಪ್ರಶ್ನೆಗೆ ಮಾತ್ರ ಅಷ್ಟೇ ಸ್ಪಷ್ಟವಾದ ಉತ್ತರ ಸಿಗುವುದಿಲ್ಲ. ಪ್ಯಾಪ್ ಪರೀಕ್ಷೆಯ ವರದಿಯಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುವ ‘ಅಸಹಜ ಗ್ರಂಥಿಕೋಶಗಳು’ ಎಂಬ ಒಂದು ಸಾಲು ಈ ಕೊರತೆಯನ್ನು ಎತ್ತಿ ತೋರಿಸುತ್ತದೆ.

ಗರ್ಭಕಂಠದ ಹೊರಮೈಯಲ್ಲಿ ಚಪ್ಪಟೆ ಜೀವಕೋಶಗಳೂ ಒಳನಾಳದಲ್ಲಿ ಲೋಳೆ ಸ್ರವಿಸುವ ಗ್ರಂಥಿಕೋಶಗಳೂ ಇರುತ್ತವೆ. ಜಾರ್ಜ್ ಪಾಪಾನಿಕೊಲಾವ್ ರೂಪಿಸಿದ ಈ ಪರೀಕ್ಷೆ ಮೊದಲನೆಯವುಗಳ ವ್ಯತ್ಯಾಸವನ್ನು ಹಿಡಿಯುವಷ್ಟು ಸಮರ್ಥವಾಗಿ ಎರಡನೆಯವುಗಳದನ್ನು ಹಿಡಿಯಲಾರದು. ಗ್ರಂಥಿಕೋಶಗಳು ಅಸಹಜವೆಂಬ ವರದಿ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಹಿಂದೆ ಇದಕ್ಕೆ ‘ಅನಿಶ್ಚಿತ ಮಹತ್ವದ’ ಎಂಬ ವಿಶೇಷಣವಿತ್ತು. ಬೆಥೆಸ್ಡಾ ವರ್ಗೀಕರಣದ 2001ರ ಪರಿಷ್ಕರಣೆ ಅದನ್ನು ಕೈಬಿಟ್ಟಿತು.

ಈ ಸಾಲು ರೋಗನಿರ್ಣಯವಲ್ಲ. ಉರಿಯೂತ, ಪಾಲಿಪ್, ಕಾಪರ್-ಟಿ ಮುಂತಾದ ನಿರುಪದ್ರವಿ ಕಾರಣಗಳಿಂದಲೂ ಜೀವಕೋಶಗಳು ಹೀಗೆ ಕಾಣಬಹುದು. ಹಲವು ಮಹಿಳೆಯರಲ್ಲಿ ಮುಂದಿನ ತಪಾಸಣೆಯಲ್ಲಿ ಏನೂ ಸಿಗುವುದಿಲ್ಲ. ಆದರೆ ಕ್ಯಾನ್ಸರ್‌ಪೂರ್ವ ಗಾಯ, ಒಳನಾಳದ ಕ್ಯಾನ್ಸರ್ ಅಥವಾ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅದರ ಹಿಂದೆ ಅಡಗಿರುವ ಸಾಧ್ಯತೆಯೂ ಉಪೇಕ್ಷಿಸುವಷ್ಟು ಸಣ್ಣದಲ್ಲ. ಆದ್ದರಿಂದಲೇ ‘ಆರು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷಿಸೋಣ’ ಎಂಬ ಸಲಹೆ ಇಲ್ಲಿ ಸಲ್ಲದು. ಕಾಲ್ಪೊಸ್ಕೊಪಿ, ಒಳನಾಳದ ಮಾದರಿ, ಎಚ್‌ಪಿವಿ ಪರೀಕ್ಷೆ ಆಗಬೇಕು. ವಯಸ್ಸು 35 ದಾಟಿದ್ದರೆ ಅಥವಾ ಅಸಹಜ ರಕ್ತಸ್ರಾವವಿದ್ದರೆ ಗರ್ಭಕೋಶದ ಒಳಪದರವನ್ನೂ ಪರೀಕ್ಷಿಸಬೇಕು. ಎಚ್‌ಪಿವಿ ಇಲ್ಲವೆಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಒಳಪದರದ ಕ್ಯಾನ್ಸರಿಗೆ ಆ ವೈರಾಣು ಕಾರಣವಲ್ಲ.

ಆಡಳಿತದಲ್ಲಿದ್ದವರಿಗೆ ಈ ಸ್ಥಿತಿ ಅಪರಿಚಿತವಲ್ಲ. ಕಡತದಲ್ಲಿ ‘ಹೆಚ್ಚಿನ ಪರಿಶೀಲನೆ ಅಗತ್ಯ’ ಎಂಬ ಷರಾ ಬಿದ್ದರೆ ಅದು ಮಂಜೂರಾತಿಯೂ ಅಲ್ಲ, ತಿರಸ್ಕಾರವೂ ಅಲ್ಲ. ಪರಿಶೀಲಿಸುವವರು ಯಾರು, ಎಂದಿನೊಳಗೆ ಎಂಬುದನ್ನು ಬರೆಯದಿದ್ದರೆ ಕಡತ ಅಲ್ಲೇ ಧೂಳು ತಿನ್ನುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಅನಗತ್ಯ ತಪಾಸಣೆಗೂ ತಪ್ಪಿಹೋದ ತಪಾಸಣೆಗೂ ಬೆಲೆಯುಂಟು. ಆದರೆ ಮೊದಲನೆಯದನ್ನು ಕೆಲವು ದಿನಗಳ ಆತಂಕ ಮತ್ತು ಖರ್ಚಿನಲ್ಲಿ ತೀರಿಸಬಹುದು, ಎರಡನೆಯದನ್ನು ತೀರಿಸಲಾಗದು.

2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಗರ್ಭಕಂಠದ ಕ್ಯಾನ್ಸರಿನ ಹೊಸ ಪ್ರಕರಣಗಳು ಸುಮಾರು 1.27 ಲಕ್ಷ, ಸಾವುಗಳು ಸುಮಾರು 80 ಸಾವಿರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ತಪಾಸಣೆಗೆ ಒಳಗಾದ 30ರಿಂದ 49 ವರ್ಷದ ಮಹಿಳೆಯರು ಶೇಕಡ 2ರಷ್ಟೂ ಇರಲಿಲ್ಲ. 2016ರ ಕೇಂದ್ರದ ಮಾರ್ಗಸೂಚಿ ನೆಚ್ಚಿದ್ದು ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಿಂದ ನೋಡುವ ಪರೀಕ್ಷೆಯನ್ನು. ಅದು ಅಗ್ಗ, ಉಪಯುಕ್ತ. ಮುಂಬೈಯ ಕೊಳೆಗೇರಿಗಳ ಅಧ್ಯಯನದಲ್ಲಿ ಸಾವಿನ ಪ್ರಮಾಣವನ್ನು ಶೇಕಡ 31ರಷ್ಟು ತಗ್ಗಿಸಿತು. ಆದರೆ ಒಳನಾಳ ಕಣ್ಣಿಗೆ ಕಾಣುವುದಿಲ್ಲ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಅಧ್ಯಯನದಲ್ಲಿ ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆ ಸಾವುಗಳನ್ನು ಸುಮಾರು ಅರ್ಧಕ್ಕೆ ಇಳಿಸಿದ್ದು 2009ರಲ್ಲೇ ಪ್ರಕಟವಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟಿರುವ ಗುರಿ ಮೂರು: ಶೇಕಡ 90 ಬಾಲಕಿಯರಿಗೆ ಲಸಿಕೆ, ಶೇಕಡ 70 ಮಹಿಳೆಯರಿಗೆ ತಪಾಸಣೆ, ರೋಗ ಕಂಡವರಲ್ಲಿ ಶೇಕಡ 90 ಮಂದಿಗೆ ಚಿಕಿತ್ಸೆ. ಶಿಬಿರಗಳ ಸಂಖ್ಯೆಯನ್ನೇ ಸಾಧನೆಯೆಂದು ಎಣಿಸುವವರು ಈ ಮೂರನೆಯ ಗುರಿಯನ್ನು ಮರೆಯುತ್ತಾರೆ. ಪ್ರತಿ ಅಸಹಜ ವರದಿಗೂ ವಹಿಯಲ್ಲಿ ಒಂದು ಸಾಲು, ಜಿಲ್ಲಾ ಆಸ್ಪತ್ರೆಯಲ್ಲಿ ನಿಗದಿತ ದಿನಾಂಕ, ದಿನಗೂಲಿ ಕಳೆದುಕೊಂಡು ಬರುವವಳಿಗೆ ಪ್ರಯಾಣವೆಚ್ಚ, ಮನೆಗೆ ಹೋಗಿ ವಿಚಾರಿಸುವ ಆಶಾ ಕಾರ್ಯಕರ್ತೆಗೆ ಸಂಭಾವನೆ — ಇವು ಮುಂಗಡಪತ್ರದಲ್ಲೇ ಇರಬೇಕು. ವರದಿಯ ಕೆಳಗೆ ಕನ್ನಡದಲ್ಲಿ ಎರಡು ಮಾತಿರಲಿ: ಇದು ಕ್ಯಾನ್ಸರ್ ಎಂದಲ್ಲ, ಆದರೂ ಇಂಥ ದಿನ ಇಲ್ಲಿಗೆ ಬನ್ನಿ. ಇಷ್ಟನ್ನು ಮಾಡಲಾಗದಿದ್ದರೆ ಪತ್ತೆ ಹಚ್ಚಿದ್ದೇವೆಂದು ಹೇಳಿಕೊಳ್ಳುವ ಹಕ್ಕು ಸರ್ಕಾರಕ್ಕಿಲ್ಲ.