ಪ್ಲಾಸ್ಟಿಕ್ ಹೊದ್ದು ಮಲಗಿದ ಮಲೆನಾಡು

ಕಳೆದ ಆಷಾಢದ ಒಂದು ರಾತ್ರಿ ನಮ್ಮ ಮನೆಯ ಹೊಸ ಕಂಫರ್ಟರಿನಿಂದ ಮುಗ್ಗಲು ವಾಸನೆ ಬರತೊಡಗಿತು. ಕೊಂಡು ಒಂದು ಮಳೆಗಾಲವೂ ಕಳೆದಿರಲಿಲ್ಲ. ಮಾರಿದವರು ‘ಮಿಷನ್ನಿಗೆ ಹಾಕಬಹುದು, ಹತ್ತು ವರ್ಷ ಚಿಂತೆಯಿಲ್ಲ’ ಎಂದಿದ್ದರು. ತೊಳೆದೆವು. ತಾಳಗುಪ್ಪದ ಮಳೆಯಲ್ಲಿ ಅದು ಮೂರು ದಿನವಾದರೂ ಒಣಗಲಿಲ್ಲ. ಒಳಗಿನ ಅರಳೆ ಮುದ್ದೆಗಟ್ಟಿ ಮೂಲೆ ಸೇರಿತು. ನನ್ನ ತಾಯಿ ಏನೂ ಹೇಳದೆ ಅಟ್ಟದಿಂದ ಕರಿಕಂಬಳಿಯೊಂದನ್ನು ಇಳಿಸಿ ಕೊಟ್ಟರು. ಅದರ ವಯಸ್ಸು ನನ್ನ ವಯಸ್ಸಿಗಿಂತ ಹೆಚ್ಚು.

ಮಣ್ಣು ಮತ್ತು ಬೆಳೆಗಳನ್ನು ಓದಿಕೊಂಡವನು ಹಾಸಿಗೆ ಹೊದಿಕೆಗಳ ಬಗ್ಗೆ ಬರೆಯುವುದು ಅಧಿಕಪ್ರಸಂಗವೆನ್ನಿಸೀತು. ಆದರೆ ಹೊದಿಕೆಯ ಎಳೆ ಒಂದೋ ಮಣ್ಣಿನಿಂದ ಹುಟ್ಟುತ್ತದೆ, ಇಲ್ಲವೇ ತೈಲಬಾವಿಯಿಂದ. ಜಗತ್ತಿನಲ್ಲಿ ಇಂದು ತಯಾರಾಗುವ ಎಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಾಲಿಯೆಸ್ಟರ್, ಅರ್ಥಾತ್ ಪೆಟ್ರೋಲಿಯಂನಿಂದ ಮಾಡಿದ ಪ್ಲಾಸ್ಟಿಕ್. ನೀರಿನ ಬಾಟಲಿಯದೂ ನಮ್ಮ ಕಂಫರ್ಟರಿನದೂ ಒಂದೇ ಕುಲ. ಅಂಗಡಿಗೆ ಹೋಗುವಾಗ ಬಟ್ಟೆಯ ಚೀಲ ಹಿಡಿದು ಪ್ಲಾಸ್ಟಿಕ್ ವಿರೋಧಿಸುವ ನಾವು ರಾತ್ರಿ ಎರಡು ಕಿಲೋ ಪ್ಲಾಸ್ಟಿಕ್ ಹೊದ್ದು ಮಲಗುತ್ತಿದ್ದೇವೆ.

ಇದು ಕೇವಲ ತತ್ವದ ತಕರಾರಲ್ಲ. ಮಲೆನಾಡಿನ ಹವೆಗೆ ಒಗ್ಗದ ವಸ್ತುವಿನ ಮೇಲಿನ ತಕರಾರು. ಗಾಳಿಯ ಆರ್ದ್ರತೆ ಶೇ. 65ರಷ್ಟಿರುವಾಗ ನೂರು ಗ್ರಾಂ ಒಣ ಉಣ್ಣೆ ಸುಮಾರು 16 ಗ್ರಾಂ ತೇವವನ್ನು ತನ್ನೊಳಗೆ ಹೀರಿಕೊಳ್ಳುತ್ತದೆ; ಹತ್ತಿ 7ರಿಂದ 8 ಗ್ರಾಂ; ಪಾಲಿಯೆಸ್ಟರ್ ಅರ್ಧ ಗ್ರಾಮಿಗೂ ಕಡಿಮೆ. ಉಣ್ಣೆ ತೇವ ಹೀರುವಾಗ ತುಸು ಬಿಸಿಯನ್ನೂ ಹೊರಬಿಡುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಟ್ಟಿಗೆ ಇಳಿಯುತ್ತಿದ್ದ ನಮ್ಮ ಹಿರಿಯರು ಪ್ರಯೋಗಾಲಯವಿಲ್ಲದೆಯೇ ಇದನ್ನು ಅರಿತಿದ್ದರು. ಪಾಲಿಯೆಸ್ಟರಿನಲ್ಲಾದರೋ ಮೈಬೆವರು ಎಳೆಯೊಳಗೆ ಇಳಿಯದೆ ಎಳೆಗಳ ನಡುವೆ ಕೂರುತ್ತದೆ. ಬಿಸಿಲು ಕಾಣದ ಜುಲೈನಲ್ಲಿ ಮೈಯ ಜಿಡ್ಡು ಸೇರಿದ ಆ ಪಸೆಯೇ ಬೂಷ್ಟಿಗೆ ಆಹಾರ. ಇನ್ನು ಬಚ್ಚಲೊಲೆಯ ಕಿಡಿ ಬಿದ್ದರೆ ಉಣ್ಣೆ ಕಮಟಿ ಆರುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಬಚ್ಚಲಿನಿಂದ ತೋಟದ ಕಪ್ಪಿಗೆ, ಕಪ್ಪಿನಿಂದ ಹಳ್ಳಕ್ಕೆ. ನಮ್ಮ ಸಾಗರ ತಾಲ್ಲೂಕಿನ ಹಳ್ಳಗಳಲ್ಲಿ ಕೆಲವು ವರದೆಯನ್ನೂ ಕೆಲವು ಶರಾವತಿಯನ್ನೂ ಸೇರುತ್ತವೆ. ಪ್ರತಿ ಒಗೆತದಲ್ಲಿಯೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಕಳಚಿ ಆ ನೀರಿನೊಡನೆ ಸಾಗುತ್ತವೆ. 2022ರಲ್ಲಿ ನೆದರ್‌ಲೆಂಡ್ಸಿನ ವಿಜ್ಞಾನಿಗಳು 22 ಜನರ ರಕ್ತವನ್ನು ಪರೀಕ್ಷಿಸಿ 17 ಜನರಲ್ಲಿ ಪ್ಲಾಸ್ಟಿಕ್ ಕಣಗಳನ್ನು ಕಂಡರು. ಬಾಟಲಿ ಮತ್ತು ಪಾಲಿಯೆಸ್ಟರಿನ ಜಾತಿಯ ಪ್ಲಾಸ್ಟಿಕ್ಕೇ ಅದರಲ್ಲಿ ಮುಂದಿತ್ತು. ಹರಿದ ಕಂಫರ್ಟರನ್ನು ನಾವು ಸುಡುತ್ತೇವೆ ಅಥವಾ ಧರೆಯಂಚಿಗೆ ಎಸೆಯುತ್ತೇವೆ; ಎರಡೂ ವಿಷವೇ. ಹರಿದ ಕಂಬಳಿಯಾದರೆ ಅಡಿಕೆ ಮರದ ಬುಡಕ್ಕೆ ಹೂಳಬಹುದು. ಶುದ್ಧ ಉಣ್ಣೆಯ ತೂಕದಲ್ಲಿ ಸುಮಾರು ಶೇ. 16ರಷ್ಟು ಸಾರಜನಕವಿದೆ, ಅದು ನಿಧಾನವಾಗಿ ಕೊಳೆತು ಬೇರಿಗೆ ದಕ್ಕುತ್ತದೆ.

‘ಕಂಬಳಿ ಚುಚ್ಚುತ್ತದೆ, ದುಬಾರಿ, ಬಡವನು ಏನು ಮಾಡಬೇಕು?’ ಎಂಬ ಪ್ರಶ್ನೆ ನ್ಯಾಯವಾದುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದವನನ್ನು ನಾನು ದೂರುವುದಿಲ್ಲ. ದೂರಬೇಕಾದುದು ಅಗ್ಗವನ್ನು ಅಗ್ಗವಾಗಿಸುವ ನೀತಿಯನ್ನು. 2017ರಲ್ಲಿ ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ ಅವರು ಕೈ ಉತ್ಪನ್ನಗಳಿಗೆ ಶೂನ್ಯ ತೆರಿಗೆ ಬೇಕೆಂದು ಉಪವಾಸ ಕುಳಿತರು. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಬದಲಾವಣೆಯಲ್ಲಿ ಕೃತಕ ಎಳೆಯ ತೆರಿಗೆ ಶೇ. 18ರಿಂದ 5ಕ್ಕೆ ಇಳಿಯಿತು. 2500 ರೂಪಾಯಿ ಮೀರಿದ ಹತ್ತಿಯ ರಜಾಯಿಯ ತೆರಿಗೆ ಅದೇ ದಿನ ಶೇ. 12ರಿಂದ 18ಕ್ಕೆ ಏರಿತು. ಬೆಲೆಯ ಗೆರೆ ಎಲ್ಲರಿಗೂ ಒಂದೇ ಎನ್ನಬಹುದು. ಆದರೆ ದಿನಗಟ್ಟಲೆ ಕೂತು ಕೈಯಲ್ಲಿ ಹೊಲಿದದ್ದು ಆ ಗೆರೆ ದಾಟುವುದು ಸುಲಭ. ಯಂತ್ರ ಉಗುಳಿದ್ದು ಗೆರೆಯ ಈಚೆಗೇ ಉಳಿಯುತ್ತದೆ.

ಈ ನೀತಿಯಡಿ ಸೊರಗುತ್ತಿರುವವರು ನಮ್ಮ ನೆರೆಯವರೇ. ಚಳ್ಳಕೆರೆಯ ಸುತ್ತಿನ ಕುರುಬರು ದಖನಿ ಕುರಿಯ ಉಣ್ಣೆ ನೂತು, ಹುಣಸೆಬೀಜದ ಗಂಜಿ ಹಾಕಿ ಕಂಬಳಿ ನೇಯುತ್ತ ಬಂದವರು. ಮಾಂಸಕ್ಕೆ ಹೆಚ್ಚು ಬೆಲೆ ಬಂದಂತೆ ಉಣ್ಣೆಯಿಲ್ಲದ ತಳಿಗಳು ಹಿಂಡಿಗೆ ಬಂದವು. ಕತ್ತರಿಸಿದ ಉಣ್ಣೆಯನ್ನು ಕೇಳುವವರಿಲ್ಲ. ನಮ್ಮ ಕಾಡಿನ ಬೂರುಗದ ಮರ ಬೆಂಕಿಕಡ್ಡಿಗೂ ಪ್ಲೈವುಡ್ಡಿಗೂ ಹೋಯಿತು. ಅದರ ಅರಳೆಯ ತಲೆದಿಂಬು ಮಕ್ಕಳಿಗೆ ಗೊತ್ತಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತ ಕೌದಿ ಕಟ್ಟುತ್ತಾರೆ, ಮೂಲೆಗೆ ಹೂವಿಡದೆ ಮುಗಿಸುವುದಿಲ್ಲ. ಅದನ್ನು ನಾವು ವಸ್ತುಪ್ರದರ್ಶನದಲ್ಲಿ ಹೊಗಳಿ, ಮನೆಗೆ ಪಾಲಿಯೆಸ್ಟರ್ ತರುತ್ತೇವೆ.

ಹಾಗಾದರೆ ಆರಿಸುವುದು ಹೇಗೆ? ‘ಕಂಬಳಿ’ ಎಂಬ ಹೆಸರನ್ನು ನಂಬಬೇಡಿ. ಇಂದು ಆ ಹೆಸರಿನಲ್ಲಿ ಅಕ್ರಿಲಿಕ್ಕೂ ಮಾರಾಟವಾಗುತ್ತದೆ. ಅಂಚಿನ ಒಂದೆಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿ. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ, ಉಜ್ಜಿದರೆ ಪುಡಿಯಾಗುವ ಕರಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ, ಮೆತ್ತನೆಯ ಬೂದಿ. ಪ್ಲಾಸ್ಟಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ವಿದ್ಯಾರ್ಥಿಗಳು ಇದನ್ನು ತಮ್ಮ ಹಾಸ್ಟೆಲಿನ ಹೊದಿಕೆಯ ಮೇಲೆ, ಹಿರಿಯರೊಬ್ಬರ ಎದುರಿನಲ್ಲಿ ಮಾಡಿ ನೋಡಲಿ.

ಕಾಪಾಡುವುದೂ ಕಷ್ಟವಲ್ಲ. ಕಂಬಳಿಯ ಒಳಮೈಗೆ ಹಳೆಯ ಹತ್ತಿ ಸೀರೆ ಹೊಲಿದರೆ ಚುಚ್ಚುವುದಿಲ್ಲ. ಕೊಳೆಯಾಗುವುದು ಸೀರೆ ಮಾತ್ರ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ತಣ್ಣೀರಿಗೆ ಅಂಟುವಾಳ ಹಾಕಿ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು ನೆರಳಿನಲ್ಲಿ ಹಾಸಿ. ಬಿಸಿನೀರು ಮತ್ತು ಯಂತ್ರ ಉಣ್ಣೆಯನ್ನು ಕುಗ್ಗಿಸುತ್ತವೆ. ಮಳೆಗಾಲಕ್ಕೆ ಮುಂಚೆ ಎರಡೂ ಮಗ್ಗುಲು ಬಿಸಿಲಿಗೆ ಒಡ್ಡಿ. ಎತ್ತಿಡುವಾಗ ಒಣಗಿದ ಲಕ್ಕಿಸೊಪ್ಪು ನಡುವೆ ಇಡಿ. ಕೌದಿ ಒಬ್ಬರ ಅಳತೆಯದಿರಲಿ. ಚಿಕ್ಕದು ಬೇಗ ಒಣಗುತ್ತದೆ. ಗಂಟುಗಟ್ಟಿದ ಹತ್ತಿಯ ರಜಾಯಿಯನ್ನು ಎಸೆಯಬೇಡಿ. ಪಿಂಜಾರರ ಕೈಯಲ್ಲಿ ಅದು ಮತ್ತೆ ಅರಳೆಯಾಗುತ್ತದೆ. ಬೂರುಗದ ಅರಳೆಗೆ ನೀರು ತಾಕಿಸದೆ ಬಿಸಿಲು ಮಾತ್ರ ತೋರಿಸಿ. ಈಗಾಗಲೇ ಕಂಫರ್ಟರ್ ಇದ್ದವರು ಅದಕ್ಕೆ ಹತ್ತಿಯ ಗವಸು ಹಾಕಿ ಗವಸನ್ನು ಮಾತ್ರ ಒಗೆಯಲಿ, ಬಾಳುವಷ್ಟು ಕಾಲ ಬಳಸಲಿ. ಸುಡುವುದಂತೂ ಬೇಡ.

ನಾವು ಕೇಳಬೇಕಾದುದು ಮೂರು. ಕೈಯಿಂದ ನೇಯ್ದ, ಹೊಲಿದ ಹೊದಿಕೆಗೆ ತೆರಿಗೆ ಇರಕೂಡದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಸರ್ಕಾರಿ ವಿದ್ಯಾರ್ಥಿನಿಲಯಗಳಿಗೆ ಕೊಳ್ಳುವ ಹೊದಿಕೆ ರಾಜ್ಯದ ನೇಕಾರರದ್ದೇ ಆಗಬೇಕು. ನಮ್ಮ ಸೊಪ್ಪಿನಬೆಟ್ಟಗಳಿಗೆ ಬೂರುಗ ಮರಳಬೇಕು. ಮೂರನೆಯದಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ಬೇಸಿಗೆಯಲ್ಲಿ ಕಾಯಿ ಒಡೆದು ಅರಳೆಯೊಡನೆ ಬೀಜ ಹಾರುವಾಗ ಒಂದು ಹಿಡಿ ಆರಿಸಿಟ್ಟುಕೊಂಡರೆ ಸಾಕು.

ನಮ್ಮ ಮನೆಯ ಆ ಕಂಫರ್ಟರ್ ಈಗಲೂ ಅಟ್ಟದಲ್ಲಿದೆ. ಅದನ್ನು ಮಣ್ಣೂ ಒಲ್ಲದು, ಬೆಂಕಿಗೂ ಕೊಡಲಾಗದು. ಕಂಬಳಿ ಮಾತ್ರ ಅಟ್ಟದಿಂದ ಇಳಿದು ಬಂದಿದೆ.